ಜಗಳದಲ್ಲಿ ಹುಟ್ಟಿದ ಎರಡು ಕುರುಕ್ಷೇತ್ರ

ಲೇಪಾಕ್ಷಿ ಗುಡಿ ನೋಡಿದೋರಿಗೆಲ್ಲ ಅಲ್ಲಿ ಅರ್ಧಕ್ಕೆ ನಿಂತ ಕಲ್ಯಾಣ ಮಂಟಪ ಗೊತ್ತು. ಕಂಬಗಳು ನಿಂತವೆ, ಕೆತ್ತನೆ ಚೆಂದಾಗೈತೆ, ಮೇಲೆ ಚಾವಣಿ ಇಲ್ಲ. ಅಚ್ಯುತರಾಯರ ಕಾಲದಲ್ಲಿ ಪೆನುಕೊಂಡೆಯ ಖಜಾನೆ ನೋಡಿಕೊಳ್ಳುತ್ತಿದ್ದ ವಿರೂಪಣ್ಣ ಆ ಗುಡಿ ಕಟ್ಟಿಸಿದ. ಅರಸರ ಅಪ್ಪಣೆ ಇಲ್ಲದೆ ಖಜಾನೆ ದುಡ್ಡು ಸುರಿದ ಅಂತ ದೂರು ಹೋಯಿತು. ಕಣ್ಣು ಕೀಳಿಸೋ ಶಿಕ್ಷೆ ಬಂತು, ಆಳುಗಳು ಬರೋ ಮೊದಲೇ ಅವನೇ ಕಣ್ಣು ಕಿತ್ತು ಗೋಡೆಗೆ ಎಸೆದ, ಕೆಲಸ ಅಲ್ಲಿಗೇ ನಿಂತಿತು. ಇದು ನಮ್ಮ ಕಡೆ ಎಲ್ಲರೂ ಹೇಳೋ ಕಥೆ. ಗೋಡೆ ಮೇಲಿನ ಕೆಂಪು ಗುರುತನ್ನ ಇವತ್ತಿಗೂ ತೋರಿಸ್ತಾರೆ.

ದುಡ್ಡು ಹಾಕೋರಿಗೂ ಕೆಲಸ ಮಾಡಿಸೋರಿಗೂ ಜಗಳ ಬಿದ್ದರೆ ಕಲ್ಲಿನ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ನಿಂತದ್ದು ನಿಂತಂಗೇ ಇರುತ್ತೆ. ಆದರೆ ಕಥೆ ಕೆಲಸ ಹಂಗಲ್ಲ. ನಾಟಕದೋರು, ಸಿನಿಮಾದೋರು ಜಗಳ ಆಡಿದರೆ ಒಂದಿದ್ದ ಕಥೆ ಎರಡಾಗುತ್ತೆ. ಒಂದು ಸಲ ಎರಡು ಸಿನಿಮಾ ಹುಟ್ಟುತ್ತವೆ. ಇನ್ನೊಂದು ಸಲ ಒಂದೇ ಸಿನಿಮಾ ಎರಡು ಕೈಯಲ್ಲಿ ತಯಾರಾಗುತ್ತೆ. ಮತ್ತೊಂದು ಸಲ ಗಡಿ ಈಚೆ ಒಂಥರ, ಆಚೆ ಇನ್ನೊಂಥರ ಕಾಣುತ್ತೆ. ನಮ್ಮ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಜನಕ್ಕೆ ಇದು ಬೇರೆಯೋರಿಗಿಂತ ಚೆನ್ನಾಗಿ ಗೊತ್ತಿರಬೇಕು. ಮನೇಲಿ ಕನ್ನಡ, ಸಂತೇಲಿ ತೆಲುಗು. ಎರಡು ಭಾಷೆಯ ರಾವಣರನ್ನೂ ಎರಡು ಭಾಷೆಯ ಹರಿಶ್ಚಂದ್ರರನ್ನೂ ನೋಡಿ ಬೆಳೆದೋರು ನಾವು. ಯಾವ ಜಗಳದಿಂದ ಯಾವ ಕಥೆ ಹೆಂಗೆ ಬದಲಾಯಿತು ಅಂತ ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೀನಿ.

ಮೊದಲು ಹಳೇ ಮಾತು. ಭಾರತ ಒಂದೇ. ಆದರೆ ಕನ್ನಡದಲ್ಲಿ ಅದನ್ನ ಮೂರು ಮಹಾಕವಿಗಳು ಮೂರು ರೀತಿ ಕಟ್ಟಿದರು. 941ರಲ್ಲಿ ಪಂಪ ಬರೆದಾಗ ಅರ್ಜುನ ನಾಯಕನಾದ, ಯಾಕಂದರೆ ಪಂಪನನ್ನ ಸಾಕಿದ ಅರಿಕೇಸರಿ ರಾಜನನ್ನೇ ಅರ್ಜುನ ಅಂತ ಕಂಡು ಬರೆದ. ರನ್ನ ಗದಾಯುದ್ಧ ಬರೆದಾಗ ಭೀಮ ನಾಯಕನಾದ, ಯಾಕಂದರೆ ಅವನ ದೊರೆ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿದ. ಕುಮಾರವ್ಯಾಸನಿಗೆ ಗದುಗಿನ ವೀರನಾರಾಯಣನೇ ದೊರೆ, ಅದಕ್ಕೆ ಅವನ ಭಾರತ ಕೃಷ್ಣಕಥೆ ಆಯಿತು. ಇಲ್ಲಿ ಜಗಳ ಇಲ್ಲ, ಆದರೂ ಒಂದು ಪಾಠ ಐತೆ. ಖರ್ಚು ಹಾಕೋನು ಯಾರು, ಮುಂದೆ ನಿಲ್ಲೋನು ಯಾರು ಅನ್ನೋದರ ಮೇಲೆ ಕಥೆಯ ಮುಖ ತಿರುಗುತ್ತೆ. ಸಿನಿಮಾಗೂ ಇದೇ ಲೆಕ್ಕ.

ಸಿನಿಮಾಕ್ಕಿಂತ ಮುಂಚೆ ನಾಟಕ. 1882ರವರೆಗೆ ಅನಂತಪುರ ಅನ್ನೋ ಜಿಲ್ಲೆಯೇ ಇರಲಿಲ್ಲ, ನಾವೆಲ್ಲ ಬಳ್ಳಾರಿ ಜಿಲ್ಲೆಯೋರು. ಕೋರ್ಟು, ಕಚೇರಿ, ವಕೀಲರು ಎಲ್ಲ ಬಳ್ಳಾರಿಲೇ. ಅಲ್ಲಿ ಎರಡು ನಾಟಕ ಸಭೆಗಳು ಎದ್ದವು. ಒಂದು ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನಿ ಸಭೆ. ಇನ್ನೊಂದು ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ. ಒಬ್ಬರು ಪುರಾಣದ ಕಥೆಗೆ ಪದ್ಯ, ಹಾಡು ಸೇರಿಸಿ ಜನರನ್ನ ಸೆಳೆದರು. ಇನ್ನೊಬ್ಬರು ವಿಜಯನಗರ ಬಿದ್ದ ಚರಿತ್ರೆಯನ್ನ ‘ರಾಮರಾಜು ಚರಿತ್ರ’ ಅಂತ ನಾಟಕ ಮಾಡಿ ಹೆಸರು ಪಡೆದರು. ಇಬ್ಬರ ನಡುವೆ ಪೈಪೋಟಿ ಜೋರಾಗಿತ್ತು. ಆ ಪೈಪೋಟಿ ಇಲ್ಲದಿದ್ದರೆ ಅಷ್ಟು ನಾಟಕಗಳು ಹುಟ್ಟುತ್ತಿದ್ದವೋ ಇಲ್ಲವೋ.

ಆ ಪೈಪೋಟಿಯ ನೆರಳಲ್ಲಿ ಬೆಳೆದೋರು ಬಳ್ಳಾರಿ ರಾಘವ. ಹುಟ್ಟಿದ್ದು 1880ರಲ್ಲಿ ನಮ್ಮ ತಾಡಿಪತ್ರಿಯಲ್ಲಿ, ಕಸುಬು ಬಳ್ಳಾರಿಯಲ್ಲಿ ವಕೀಲಿಕೆ. ಧರ್ಮವರಂ ಅವರಿಗೆ ಸೋದರಳಿಯ. ಆದರೂ ಕೋಲಾಚಲಂ ಅವರ ರಾಮರಾಜು ನಾಟಕದಲ್ಲಿ ಪಠಾಣ ರುಸ್ತುಂ ಪಾರ್ಟು ಮಾಡಿ ಹೆಸರಾದರು. ಮಾವ ಒಂದು ಕಡೆ, ಪಾರ್ಟು ಇನ್ನೊಂದು ಕಡೆ. ಕಲಾವಿದನಿಗೆ ಪಾರ್ಟೇ ದೊಡ್ಡದು ಅಂತ ನಾನು ಇದನ್ನ ತಿಳಿದುಕೊಂಡಿದ್ದೀನಿ. ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ರಂಗಕ್ಕೆ ಹತ್ತಿದೋರು ಅವರು.

ತೆಲುಗು ಟಾಕಿ ಸಿನಿಮಾ ಶುರುವಾಗಿ ಐದು ವರ್ಷ ಆಗಿರಲಿಲ್ಲ, 1936ರಲ್ಲಿ ಒಂದು ವಿಚಿತ್ರ ನಡೆಯಿತು. ದ್ರೌಪದಿ ಸೀರೆ ಸೆಳೆದ ಕಥೆಯನ್ನೇ ಎರಡು ಕಂಪನಿಗಳು ಹಠಕ್ಕೆ ಬಿದ್ದು ಸಿನಿಮಾ ಮಾಡಿದವು. ಸರಸ್ವತಿ ಟಾಕೀಸಿನೋರದು ‘ದ್ರೌಪದಿ ವಸ್ತ್ರಾಪಹರಣಂ’. ಅದರಲ್ಲಿ ಯಡವಲ್ಲಿ ಸೂರ್ಯನಾರಾಯಣ ದುರ್ಯೋಧನ, ಸಿ.ಎಸ್.ಆರ್. ಆಂಜನೇಯುಲು ಕೃಷ್ಣ, ಕಣ್ಣಾಂಬ ದ್ರೌಪದಿ. ಲಕ್ಷ್ಮಿ ಫಿಲಂಸಿನೋರದು ‘ದ್ರೌಪದಿ ಮಾನಸಂರಕ್ಷಣಂ’. ಇದರಲ್ಲಿ ನಮ್ಮ ಬಳ್ಳಾರಿ ರಾಘವ ದುರ್ಯೋಧನ, ಸುರಭಿ ಕಮಲಾಬಾಯಿ ದ್ರೌಪದಿ, ಬಂದಾ ಕನಕಲಿಂಗೇಶ್ವರರಾವ್ ಕೃಷ್ಣ. ನಾಟಕದ ದೊಡ್ಡ ದೊಡ್ಡ ನಟರನ್ನ ಎರಡು ಕಡೆಯೋರೂ ಹಂಚಿಕೊಂಡಂಗಾಯಿತು. ಮೊದಲಿನದು ಗೆದ್ದಿತು, ಎರಡನೇದು ಸೋತಿತು.

ರಾಘವ ಅವರಂಥ ನಟ ಇದ್ದೂ ಯಾಕೆ ಸೋತಿತು ಅಂತ ನನಗೆ ಬಹಳ ದಿನ ಯೋಚನೆ ಇತ್ತು. ನನ್ನ ಲೆಕ್ಕ ಇಷ್ಟು. ನಾಟಕದಲ್ಲಿ ಒಂದೇ ವಾರದಲ್ಲಿ ಎರಡು ಊರಲ್ಲಿ ಎರಡು ದ್ರೌಪದಿ ಆದರೂ ನಡೆಯುತ್ತೆ. ಈ ಊರೋರು ಇದನ್ನ ನೋಡ್ತಾರೆ, ಆ ಊರೋರು ಅದನ್ನ. ಸಿನಿಮಾ ಹಂಗಲ್ಲ, ಎರಡು ಪೆಟ್ಟಿಗೆಯೂ ಅದೇ ಊರಿಗೆ ಬರುತ್ತವೆ. ಮೊದಲು ಒಂದನ್ನ ನೋಡಿದೋನು ಎರಡನೇದಕ್ಕೆ ದುಡ್ಡು ಬಿಚ್ಚೋದು ಕಷ್ಟ. ಹಂಗಾಗಿ ಸಿನಿಮಾದಲ್ಲಿ ಪೈಪೋಟಿ ಅಂದರೆ ಓಟದ ಪಂದ್ಯ. ಅವಸರದಲ್ಲಿ ಮಾಡಬೇಕು, ಮೊದಲು ಮುಟ್ಟಬೇಕು. ಇದು 1936ರಲ್ಲಿ ಶುರುವಾದದ್ದು ಇವತ್ತಿಗೂ ನಿಂತಿಲ್ಲ.

ಎರಡು ರೂಪ ಆಗೋದಕ್ಕೆಲ್ಲ ಜಗಳವೇ ಕಾರಣ ಅಂತ ಹೇಳೋಕಾಗಲ್ಲ. ಒಪ್ಪಿಗೆಯಿಂದ ಹುಟ್ಟಿದ ಎರಡು ರೂಪಗಳೂ ಅವೆ. ಎ.ವಿ. ಮೇಯಪ್ಪನ್ ಚೆಟ್ಟಿಯಾರರು 1940ರಲ್ಲಿ ‘ಭೂಕೈಲಾಸ್’ ತೆಲುಗಿನಲ್ಲಿ ತೆಗೆದಾಗ ಅದರಲ್ಲಿ ಪಾರ್ಟು ಮಾಡಿದೋರು ಕನ್ನಡ ನಾಟಕ ಕಂಪನಿಯೋರು. ಸುಬ್ಬಯ್ಯನಾಯ್ಡು ಅವರದು ರಾವಣ, ಆರ್. ನಾಗೇಂದ್ರರಾಯರದು ನಾರದ. ಕನ್ನಡ ರಂಗದಲ್ಲಿ ಪಳಗಿದ ನಾಟಕವೇ ತೆಲುಗು ಸಿನಿಮಾ ಆಯಿತು. ಹದಿನೆಂಟು ವರ್ಷ ಕಳೆದು 1958ರಲ್ಲಿ ಅದೇ ಎ.ವಿ.ಎಂ.ನೋರು ಕೆ. ಶಂಕರ್ ನಿರ್ದೇಶನದಲ್ಲಿ ಎರಡು ಭಾಷೇಲೂ ತೆಗೆದರು. ತೆಲುಗಿಗೆ ರಾಮರಾವ್ ರಾವಣ, ನಾಗೇಶ್ವರರಾವ್ ನಾರದ. ಕನ್ನಡಕ್ಕೆ ರಾಜಕುಮಾರ್ ರಾವಣ, ಕಲ್ಯಾಣಕುಮಾರ್ ನಾರದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಕನ್ನಡದಲ್ಲಿ ಬಂದ ವರ್ಷವೇ ‘ಕಾಳಹಸ್ತಿ ಮಹಾತ್ಮ್ಯಂ’ ಅಂತ ತೆಲುಗಿನಲ್ಲೂ ಬಂತು, ಎರಡರಲ್ಲೂ ಕಣ್ಣಪ್ಪ ರಾಜಕುಮಾರೇ. ಅವರು ತೆಲುಗಿನಲ್ಲಿ ನಾಯಕ ಆಗಿದ್ದು ಅದೊಂದೇ.

ಇದಕ್ಕಿಂತ ದೊಡ್ಡ ಉದಾಹರಣೆ ಹರಿಶ್ಚಂದ್ರ. ‘ಮಾಯಾಬಜಾರ್’ ತೆಗೆದ ಕೆ.ವಿ. ರೆಡ್ಡಿ ಕೂಡ ತಾಡಿಪತ್ರಿಯೋರೇ. 1965ರಲ್ಲಿ ಅವರು ತೆಲುಗಿನ ‘ಸತ್ಯ ಹರಿಶ್ಚಂದ್ರ’ ನಿರ್ದೇಶಿಸಿದರು, ರಾಮರಾವ್ ಹರಿಶ್ಚಂದ್ರ. ಅದೇ ವರ್ಷ ಕನ್ನಡದ ‘ಸತ್ಯ ಹರಿಶ್ಚಂದ್ರ’ ಅವರದೇ ನಿರ್ಮಾಣದಲ್ಲಿ ಬಂತು, ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು, ರಾಜಕುಮಾರ್ ಹರಿಶ್ಚಂದ್ರ. ತೆಲುಗಿನದು ಸೋತಿತು, ಕನ್ನಡದ್ದು ಮನೆಮನೆ ಹಾಡಾಯಿತು. 2008ರಲ್ಲಿ ಅದಕ್ಕೆ ಬಣ್ಣ ಹಾಕಿ ಮತ್ತೆ ಬಿಟ್ಟರು. ಒಂದೇ ಮನೆಯ ಎರಡು ಮಕ್ಕಳಲ್ಲಿ ಒಂದು ಓದಿ ಮುಂದೆ ಬಂದು ಇನ್ನೊಂದು ಊರಲ್ಲೇ ಉಳಿದಂಗೆ. ಯಾರ ತಪ್ಪೂ ಅಲ್ಲ.

ಈಗ ದುಡ್ಡಿನ ಜಗಳಕ್ಕೆ ಬರ್ತೀನಿ. ರೈತನಿಗೆ ಪಟ್ಟಾದಾರ್ ಪಾಸ್‌ಬುಕ್ ಹೆಂಗೋ, ಫಿಲಂ ಕಾಲದ ಸಿನಿಮಾ ನಿರ್ಮಾಪಕನಿಗೆ ನೆಗೆಟಿವ್ ಹಂಗಿತ್ತು. ಕ್ಯಾಮೆರಾದಲ್ಲಿ ತೆಗೆದ ಮೂಲ ಫಿಲಂಗೆ ನೆಗೆಟಿವ್ ಅಂತಾರೆ. ಆಗ ಊರೂರಿಗೆ ಹೋಗುತ್ತಿದ್ದ ಪೆಟ್ಟಿಗೆಗಳೆಲ್ಲ ಅದರಿಂದ ತೆಗೆದ ಪ್ರಿಂಟುಗಳು. ನಿರ್ಮಾಪಕ ಸಾಲ ತರುತ್ತಿದ್ದದ್ದು ಆ ನೆಗೆಟಿವ್ ಮೇಲೆ. ಸಾಲ ತೀರೋವರೆಗೆ ಅದು ಲ್ಯಾಬಿನಲ್ಲಿ ಕೂತಿರುತ್ತಿತ್ತು, ಸಾಲ ಕೊಟ್ಟೋನು ಸೈ ಅನ್ನದೆ ಪ್ರಿಂಟು ಹೊರಗೆ ಬರುತ್ತಿರಲಿಲ್ಲ. ಬೆಳೆ ನಿನ್ನದೇ, ಕಣದಿಂದ ಎತ್ತಬೇಡ ಅಂದಂಗೆ. ಹಂಗಾಗಿ ನಿರ್ದೇಶಕ ಏನೇ ಕನಸು ಕಂಡಿರಲಿ, ಜಗಳ ಬಿದ್ದ ದಿನ ನೆಗೆಟಿವ್ ಯಾರ ಕೈಯಲ್ಲಿ ಇತ್ತೋ ಅವನದೇ ಕೊನೆ ಮಾತಾಗಿತ್ತು.

ದುಡ್ಡಿಲ್ಲದೆ ನಿಂತು ಮತ್ತೆ ಎದ್ದ ಸಿನಿಮಾ ಅಂದರೆ ‘ಲವಕುಶ’. 1934ರಲ್ಲಿ ಸಿ. ಪುಲ್ಲಯ್ಯನೋರು ಒಂದು ಲವಕುಶ ತೆಗೆದಿದ್ದರು. ಅದೇ ಪುಲ್ಲಯ್ಯನೋರು ಬಣ್ಣದಲ್ಲಿ ಇನ್ನೊಂದು ಸಲ ತೆಗೆಯೋಕೆ ಹೊರಟರು, ನಿರ್ಮಾಪಕರು ಶಂಕರರೆಡ್ಡಿ. ತೆಲುಗಿನಲ್ಲಿ ಪೂರ್ತಿ ಬಣ್ಣದ ಮೊದಲನೇ ಸಿನಿಮಾ. ಬಣ್ಣದ ಫಿಲಮು ದುಬಾರಿ, ದುಡ್ಡು ಮುಗಿಯಿತು, ಕೆಲಸ ನಿಂತಿತು. ಮತ್ತೆ ದುಡ್ಡು ಹೊಂಚಿಕೊಂಡು ಶುರು ಮಾಡೋ ಹೊತ್ತಿಗೆ ಪುಲ್ಲಯ್ಯನೋರಿಗೆ ಕಾಯಿಲೆ, ಮಗ ಸಿ.ಎಸ್. ರಾವ್ ಮುಂದುವರಿಸಿದರು. ಐದು ವರ್ಷ ಹಿಡಿದು 1963ರ ಮಾರ್ಚಿಯಲ್ಲಿ ಬಂತು. ಅಪ್ಪ ಶುರು ಮಾಡಿದ್ದನ್ನ ಮಗ ಮುಗಿಸಿದ್ದು. ಅಪ್ಪ ಮಗ ಒಂದೇ ದಾರಿ ಹಿಡಿದಿದ್ದಕ್ಕೆ ಆ ಸಿನಿಮಾದಲ್ಲಿ ಹೊಲಿಗೆ ಕಾಣಲ್ಲ. ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ಮುಂದೆ ಎಷ್ಟೋ ವರ್ಷ ಟೆಂಟಿಗೆ ಲವಕುಶ ಬಂತು ಅಂದರೆ ಮನೇಲಿ ಅಡಿಗೆ ಬೇಗ ಆಗುತ್ತಿತ್ತು.

ಎಲ್ಲ ಕಡೆ ಹಿಂಗೆ ಹೊಂದಿಕೊಳ್ಳಲ್ಲ. ನಮ್ಮ ರೀಡಿಂಗ್ ರೂಮಿನ ಕಾಲೇಜು ಹುಡುಗರು ಅಮೆರಿಕದ ‘ಸೂಪರ್‌ಮ್ಯಾನ್’ ಕಥೆ ಹೇಳಿದರು. ಮೊದಲನೇ ಭಾಗ ತೆಗೆಯೋವಾಗಲೇ ರಿಚರ್ಡ್ ಡಾನರ್ ಅನ್ನೋ ನಿರ್ದೇಶಕ ಎರಡನೇ ಭಾಗವನ್ನೂ ಬಹಳ ಮಟ್ಟಿಗೆ ತೆಗೆದಿಟ್ಟಿದ್ದ. ನಿರ್ಮಾಪಕರಿಗೂ ಅವನಿಗೂ ಜಗಳ ಆಗಿ ಅವನನ್ನ ಬಿಡಿಸಿ, ರಿಚರ್ಡ್ ಲೆಸ್ಟರ್ ಅನ್ನೋನ ಕೈಲಿ ಮತ್ತೆ ತೆಗೆಸಿ 1980ರಲ್ಲಿ ಬಿಟ್ಟರು. ಮಾರ್ಲನ್ ಬ್ರಾಂಡೋ ಅನ್ನೋ ದೊಡ್ಡ ನಟನ ದೃಶ್ಯಗಳನ್ನ, ಅವನಿಗೆ ಪಾಲು ಕೊಡಬೇಕಾಗುತ್ತೆ ಅಂತ, ಕಿತ್ತೇ ಹಾಕಿದರು. ಆದರೆ ಡಾನರ್ ತೆಗೆದ ಫಿಲಮನ್ನ ಯಾರೂ ಸುಟ್ಟಿರಲಿಲ್ಲ. ನೋಡೋರು ಕೇಳಿ ಕೇಳಿ, 2006ರಲ್ಲಿ ಅವನ ರೂಪವನ್ನೂ ಜೋಡಿಸಿ ಹೊರಗೆ ತಂದರು. ಈಗ ಎರಡೂ ಸಿಗುತ್ತವೆ. ಇದರಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಇಪ್ಪತ್ತಾರು ವರ್ಷ ಆ ಡಬ್ಬಗಳನ್ನ ಯಾರೋ ಎತ್ತಿಟ್ಟಿದ್ದರು. ಎತ್ತಿಡದೆ ಇದ್ದಿದ್ದರೆ ಜಗಳದಲ್ಲಿ ಗೆದ್ದೋರ ಮಾತೇ ಉಳಿಯುತ್ತಿತ್ತು.

ಈಗ ನಮ್ಮ ಎರಡು ಕುರುಕ್ಷೇತ್ರದ ಕಥೆ. ಇದರ ಬೇರು 1974ರದ್ದು. ಅಲ್ಲೂರಿ ಸೀತಾರಾಮರಾಜು ಕಥೆ ಸಿನಿಮಾ ಮಾಡಬೇಕು ಅಂತ ಎನ್.ಟಿ. ರಾಮರಾವ್ ಅವರಿಗೆ ಬಹಳ ದಿನದ ಆಸೆ ಇತ್ತು. ಆದರೆ ಅದನ್ನ ಮಾಡಿದೋರು ಕೃಷ್ಣ, ತಮ್ಮ ನೂರನೇ ಸಿನಿಮಾ ಅಂತ. ನಿರ್ದೇಶಕ ವಿ. ರಾಮಚಂದ್ರರಾವ್ ನಡುವೆ ತೀರಿಕೊಂಡರು, ಉಳಿದದ್ದನ್ನ ಬೇರೆಯೋರ ಜೊತೆ ಸೇರಿ ಕೃಷ್ಣ ಮುಗಿಸಿದರು. ಸಿನಿಮಾ ದೊಡ್ಡದಾಗಿ ಗೆದ್ದಿತು. ಇಬ್ಬರ ನಡುವೆ ಬಿರುಕು ಬಿತ್ತು ಅಂತ ಜನ ಮಾತಾಡಿಕೊಂಡರು.

ಮೂರು ವರ್ಷಕ್ಕೆ ಇಬ್ಬರೂ ಭಾರತಕ್ಕೇ ಕೈ ಹಾಕಿದರು. ರಾಮರಾವ್ ಅವರದು ‘ದಾನವೀರಶೂರ ಕರ್ಣ’. ಕೃಷ್ಣ ಅವರ ಕಡೆಯೋರದು ‘ಕುರುಕ್ಷೇತ್ರಂ’, ಕಮಲಾಕರ ಕಾಮೇಶ್ವರರಾವ್ ನಿರ್ದೇಶನ. ನೀವು ನಿಲ್ಲಿಸಿ ಅಂತ ಇವರು ಕೇಳಿದರಂತೆ, ಅವರು ಒಪ್ಪಲಿಲ್ಲವಂತೆ. ಎರಡೂ 1977ರ ಜನವರಿ 14, ಸಂಕ್ರಾಂತಿ ಹಬ್ಬದ ದಿನವೇ ಬಂದವು. ಕುರುಕ್ಷೇತ್ರಂನಲ್ಲಿ ಕೃಷ್ಣ ಅರ್ಜುನ, ಶೋಭನ್‌ಬಾಬು ಶ್ರೀಕೃಷ್ಣ, ಕೃಷ್ಣಂರಾಜು ಕರ್ಣ, ಕೈಕಾಲ ಸತ್ಯನಾರಾಯಣ ದುರ್ಯೋಧನ. ದಾನವೀರಶೂರ ಕರ್ಣದಲ್ಲಿ ಕರ್ಣ, ದುರ್ಯೋಧನ, ಶ್ರೀಕೃಷ್ಣ ಮೂರೂ ರಾಮರಾವೇ. ನಿರ್ಮಾಣ, ನಿರ್ದೇಶನವೂ ಅವರದೇ. ಚಿತ್ರೀಕರಣ 43 ದಿನದಲ್ಲಿ ಮುಗಿಸಿದರು ಅಂತ ಇವತ್ತಿಗೂ ಹೇಳ್ತಾರೆ. ಸಿನಿಮಾ ಮಾತ್ರ ನಾಲ್ಕು ಗಂಟೆ ಹತ್ತಿರ. ಮಾತು ಬರೆದೋರು ಕೊಂಡವೀಟಿ ವೆಂಕಟಕವಿ. ಗೆದ್ದದ್ದು ಇದು. ಕುರುಕ್ಷೇತ್ರಂ ಅಷ್ಟು ದೊಡ್ಡ ದೊಡ್ಡ ನಟರಿದ್ದೂ ನಿಲ್ಲಲಿಲ್ಲ.

ಹಠದಿಂದ ಹುಟ್ಟಿದ ಈ ಎರಡು ಸಿನಿಮಾದಲ್ಲಿ ಕಥೆ ಹೆಂಗೆ ಒಡೆಯಿತು ನೋಡಿ. ಅಲ್ಲಿ ಮುಂದೆ ನಿಂತೋನು ಅರ್ಜುನ. ಇಲ್ಲಿ ಮುಂದೆ ನಿಂತೋರು ಕರ್ಣ, ದುರ್ಯೋಧನ. ರಾಮರಾವ್ ಮೂರು ಪಾರ್ಟು ತಾವೇ ಹಿಡಿದಿದ್ದಕ್ಕೆ ಕೌರವರ ಮನೆ ಕಥೆ ದೊಡ್ಡದಾಯಿತು. ದುರ್ಯೋಧನನಿಗೆ ಭಾನುಮತಿ ಜೊತೆ ಯುಗಳ ಗೀತೆ ಬಂತು. ಕರ್ಣನ ಕುಲ ಕೇಳಿದಾಗ ದುರ್ಯೋಧನ ಎದ್ದು ನಿಂತು ಉದ್ದುದ್ದ ಮಾತು ಆಡಿದ. ಆ ಮಾತುಗಳು ಮದುವೆ ಮನೆ ಲೌಡ್‌ಸ್ಪೀಕರಿನಲ್ಲಿ, ಜಾತ್ರೆಯಲ್ಲಿ, ಬೀಡಿ ಅಂಗಡಿಯಲ್ಲಿ ಎಲ್ಲೆಲ್ಲೂ ಕೇಳಿದವು. ನಾನು ಆಗ ಮೀಸೆ ಚಿಗುರುತ್ತಿದ್ದ ಹುಡುಗ. ಕೌರವನ ಪರ ಕಣ್ಣೀರು ಹಾಕಬಹುದು ಅಂತ ನಮ್ಮ ವಯಸ್ಸಿನೋರಿಗೆ ಕಲಿಸಿದ್ದೇ ಆ ಸಿನಿಮಾ. ಅದಕ್ಕಿಂತ ಸಾವಿರ ವರ್ಷ ಮುಂಚೆ ಪಂಪ, ರನ್ನ ಅದನ್ನ ಕಲಿಸಿದ್ದರು ಅಂತ ತಿಳಿದದ್ದು ಆಮೇಲೆ, ಗಮಕದೋರ ಬಾಯಿಂದ.

ಹಿಂದೂಪುರದೋರಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ಆ ಸಿನಿಮಾದಲ್ಲಿ ರಾಮರಾವ್ ಅವರ ಮಗ ಹರಿಕೃಷ್ಣ ಅರ್ಜುನ, ಇನ್ನೊಬ್ಬ ಮಗ ಬಾಲಕೃಷ್ಣ ಅಭಿಮನ್ಯು. ರಾಮರಾವ್ 1985, 1989, 1994 ಮೂರು ಸಲ ಹಿಂದೂಪುರದಿಂದ ಎಂ.ಎಲ್.ಎ. ಆದರು. ಅವರು ತೀರಿಕೊಂಡ ಮೇಲೆ 1996ರ ಉಪಚುನಾವಣೆಯಲ್ಲಿ ಹರಿಕೃಷ್ಣ ಗೆದ್ದರು. 2014ರಿಂದ ಬಾಲಕೃಷ್ಣ. ಕರ್ಣ, ದುರ್ಯೋಧನ, ಶ್ರೀಕೃಷ್ಣ, ಅರ್ಜುನ, ಅಭಿಮನ್ಯು ಇಷ್ಟೂ ಜನಕ್ಕೆ ಓಟು ಹಾಕಿದ ಊರು ಇನ್ನೊಂದು ಇರಲಿಕ್ಕಿಲ್ಲ. ಸಂಕ್ರಾಂತಿ ಓಟದಲ್ಲಿ ಆವತ್ತು ಕುರುಕ್ಷೇತ್ರಂ ಗೆದ್ದಿದ್ದರೆ ಏನಾಗುತ್ತಿತ್ತೋ ಅಂತ ಅರಳಿಕಟ್ಟೆ ಮೇಲೆ ವಾದ ಮಾಡೋರು ಇವತ್ತಿಗೂ ಅವ್ರೆ.

ಮೂರನೇ ಥರದ ಜಗಳ, ಕಥೆ ಯಾರದು ಅನ್ನೋದು. ಚಿತ್ರದುರ್ಗದ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಕನ್ನಡ ಜನ ತಲೆ ಮೇಲೆ ಹೊತ್ತುಕೊಂಡರು. ಆದರೆ ಬರೆದೋರಿಗೆ ಸಮಾಧಾನ ಆಗಲಿಲ್ಲ, ಇದು ನನ್ನ ನಾಗರಹಾವಲ್ಲ, ಕೇರೆಹಾವು ಅಂದರು ಅಂತ ಹೇಳ್ತಾರೆ. 1974ರಲ್ಲಿ ಅದೇ ಕಥೆ ತೆಲುಗಿನಲ್ಲಿ ‘ಕೋಡೆನಾಗು’ ಆಯಿತು, ತಮಿಳು, ಹಿಂದಿಯಲ್ಲೂ ಬಂತು. ಹಿಂದಿಯದನ್ನ ಪುಟ್ಟಣ್ಣನೋರೇ ತೆಗೆದರು. ಈಗ ರಾಮಾಚಾರಿ ಅಂದರೆ ಜನಕ್ಕೆ ಸಿನಿಮಾದ ರಾಮಾಚಾರಿಯೇ. ಪುಸ್ತಕದ ರಾಮಾಚಾರಿ ಬೇಕು ಅಂದರೆ ಲೈಬ್ರರಿಗೆ ಹೋಗಬೇಕು. ಪುಸ್ತಕ ಅಂತ ಒಂದು ಇದ್ದಿದ್ದಕ್ಕೆ ಬರೆದೋರ ಮಾತೂ ಉಳಿಯಿತು ಅನ್ನೋದನ್ನ ನೆನಪಿಡಿ, ಕೊನೇಲಿ ಬೇಕಾಗುತ್ತೆ.

ನಮ್ಮ ರಾಯಲಸೀಮೆಯ ಉಯ್ಯಾಲವಾಡ ನರಸಿಂಹರೆಡ್ಡಿ ಕಥೆಯೂ ಹಿಂಗೇ. ಕಂಪನಿ ಸರ್ಕಾರದ ಮೇಲೆ ತಿರುಗಿ ಬಿದ್ದಿದ್ದಕ್ಕೆ 1847ರಲ್ಲಿ ಕೋಯಿಲಕುಂಟ್ಲದಲ್ಲಿ ಗಲ್ಲಿಗೆ ಹಾಕಿದರು. ಅವನ ಹಾಡನ್ನ ಕಾಪಾಡಿಕೊಂಡು ಬಂದೋರು ಊರೂರು ತಿರುಗೋ ಹಾಡುಗಾರರು. 2019ರಲ್ಲಿ ‘ಸೈರಾ’ ಅಂತ ದೊಡ್ಡ ಸಿನಿಮಾ ಬಂದಾಗ, ನಮಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಅಂತ ವಂಶದೋರು ಕೋರ್ಟು ಹತ್ತಿದರು. ಸತ್ತು ನೂರು ವರ್ಷ ದಾಟಿದೋರ ಕಥೆ ಯಾರ ಆಸ್ತಿ? ವಂಶದೋರದೋ, ಸಿನಿಮಾದೋರದೋ, ಹಾಡಿಕೊಂಡು ಬಂದೋರದೋ? ವಂಶದೋರ ಪರ ವಕೀಲರಿದ್ದರು, ಸಿನಿಮಾದೋರ ಪರವೂ ಇದ್ದರು. ಹಾಡುಗಾರರ ಪರ ಯಾರೂ ನಿಲ್ಲಲಿಲ್ಲ.

ಆ ಸೈರಾ ಕನ್ನಡ ಮಾತಿನಲ್ಲೂ ಬಂತು. ಇದು ಸಣ್ಣ ವಿಷಯ ಅಲ್ಲ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅಂಥೋರು ಹೋರಾಡಿ ಬೇರೆ ಭಾಷೆ ಸಿನಿಮಾಕ್ಕೆ ಕನ್ನಡ ಮಾತು ಅಂಟಿಸಿ ಬಿಡೋದನ್ನ ನಿಲ್ಲಿಸಿದರು. ಕನ್ನಡದ ನಟರು, ಕೆಲಸಗಾರರು ಬದುಕಬೇಕು ಅನ್ನೋದು ಅವರ ಮಾತು. ಡಬ್ಬಿಂಗ್ ಇಲ್ಲದಿದ್ದಕ್ಕೆ ತೆಲುಗಿನ ಕಥೆ ಬೇಕಾದರೆ ಕನ್ನಡದಲ್ಲಿ ಬೇರೆ ನಟರನ್ನ ಹಾಕಿ ಮತ್ತೆ ತೆಗೀಬೇಕಾಯಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ಸರಿಯಲ್ಲ ಅಂತ ಹೇಳಿತು, 2017ರಿಂದ ಒಂದೊಂದೇ ಬರೋಕೆ ಶುರುವಾದವು. ಗಡಿ ಈಚೆ ಇರೋ ನಮಗೆ ಎರಡು ಕಾಲದಲ್ಲೂ ಒಂದೇ ಗತಿ. ಇಲ್ಲಿನ ಹಾಲುಗಳಲ್ಲಿ ತೆಲುಗು ಮೂಲವೇ ಓಡುತ್ತಿತ್ತು. ಕನ್ನಡ ರೂಪ ಬೇಕು ಅಂದರೆ ಪಾವಗಡಕ್ಕೋ ಗೌರಿಬಿದನೂರಿಗೋ ಬಸ್ಸು ಹತ್ತಬೇಕು.

2019ರಲ್ಲಿ ಇನ್ನೊಂದು ನೋಡಿದೆವು. ರಾಮರಾವ್ ಅವರ ಜೀವನವೇ ಸಿನಿಮಾ ಆಯಿತು, ಅದೂ ಎರಡು ಕಡೆಯಿಂದ. ಬಾಲಕೃಷ್ಣ ಅಪ್ಪನ ಪಾರ್ಟು ಹಾಕಿದರು. ಮೊದಲು ಒಪ್ಪಿದ ನಿರ್ದೇಶಕ ತೇಜ ಬಿಟ್ಟು ಹೋದರು, ಕ್ರಿಷ್ ಬಂದರು, ಒಂದು ಅಂದುಕೊಂಡದ್ದು ‘ಕಥಾನಾಯಕುಡು’, ‘ಮಹಾನಾಯಕುಡು’ ಅಂತ ಎರಡು ಭಾಗ ಆಗಿ ಜನವರಿ, ಫೆಬ್ರವರಿಯಲ್ಲಿ ಬಂದವು. ಅದೇ ಕ್ರಿಷ್ ಅದಕ್ಕೆ ಮುಂಚೆ ಹಿಂದಿಯಲ್ಲಿ ಝಾನ್ಸಿ ರಾಣಿಯ ‘ಮಣಿಕರ್ಣಿಕಾ’ ತೆಗೆಯುತ್ತಿದ್ದರು. ಅಲ್ಲೂ ಉಳಿದ ಭಾಗವನ್ನ ನಾಯಕಿ ಕಂಗನಾ ತೆಗೆದು, ಯಾರು ಎಷ್ಟು ತೆಗೆದರು ಅಂತ ಬಹಿರಂಗ ಜಗಳ ಆಗಿ, ಕೊನೆಗೆ ಪರದೆ ಮೇಲೆ ಇಬ್ಬರ ಹೆಸರೂ ಬಂತು. ಇನ್ನೊಂದು ಕಡೆ ರಾಮ್‌ಗೋಪಾಲ್ ವರ್ಮ ಅವರದು ‘ಲಕ್ಷ್ಮೀಸ್ ಎನ್.ಟಿ.ಆರ್.’. ರಾಮರಾವ್ ಅವರ ಕೊನೇ ದಿನಗಳನ್ನ ಲಕ್ಷ್ಮೀಪಾರ್ವತಿ ಅವರ ಕಡೆಯಿಂದ ಹೇಳಿದ್ದು. ಮಾರ್ಚಿ 29ಕ್ಕೆ ಬೇರೆ ಕಡೆ ಬಂದರೂ ಆಂಧ್ರದಲ್ಲಿ ಕೋರ್ಟು ತಡೆ ಕೊಟ್ಟಿತ್ತು, ಚುನಾವಣೆ ಮುಗಿಯೋವರೆಗೆ ಇಲ್ಲಿ ಬರಲಿಲ್ಲ. ನಮ್ಮ ಊರ ಎಂ.ಎಲ್.ಎ. ಆಗಿದ್ದೋರ ಕಥೆಯ ಒಂದು ರೂಪ ನಮ್ಮ ಊರಲ್ಲೇ ಇಲ್ಲ. ಯಾವುದು ನಿಜ ಅಂತ ನಾನು ಹೇಳೋನಲ್ಲ. ಮನೆಯೋರು ಹೇಳೋ ಕಥೆ ಒಂದು, ಮನೆಯಿಂದ ದೂರ ಆದೋರು ಹೇಳೋ ಕಥೆ ಇನ್ನೊಂದು. ಎರಡನ್ನೂ ನೋಡಿದೋನಿಗೆ ಮಾತ್ರ ನಡುವೆ ಏನು ಬಿಟ್ಟು ಹೋಗೈತೆ ಅಂತ ಗೊತ್ತಾಗುತ್ತೆ.

ಇಷ್ಟೆಲ್ಲ ಬರೆದದ್ದು ನಮ್ಮೂರ ಸಲುವಾಗಿ. ನಮ್ಮ ನಾಟಕದ ಮೇಳ ಒಡೆದಿದ್ದು ಎಲ್ಲರಿಗೂ ಗೊತ್ತು. ಕಾರಣವೂ ಹೊಸದಲ್ಲ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ಪಾರ್ಟು ಹಾಕೋರೇ ದುಡ್ಡು ಹಾಕಬೇಕು. ಸೀನರಿ ಬಾಡಿಗೆ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಮೈಕು, ಎಲ್ಲ ಅದರಿಂದಲೇ. ದುರ್ಯೋಧನನ ಪಾರ್ಟಿಗೆ ಎಲ್ಲಕ್ಕಿಂತ ಹೆಚ್ಚು ದುಡ್ಡು, ಕೃಷ್ಣನಿಗೆ ಅದರ ಕೆಳಗೆ. ದುರ್ಯೋಧನ ನನಗೆ ಅಂತ ಇಬ್ಬರು ನಿಂತರು, ಲೆಕ್ಕ ಕೆಟ್ಟಿತು, ಮಾತು ಬೆಳೆಯಿತು. ಈಗ ಮೇಲಿನ ಬೀದಿಯೋರದು ಒಂದು ಕುರುಕ್ಷೇತ್ರ, ಕೆಳಗಿನ ಬೀದಿಯೋರದು ಒಂದು. ಮೇಷ್ಟ್ರು ಕೈಯಾರೆ ಬರೆದಿದ್ದ ಹಳೇ ಪುಸ್ತಕ ಒಂದು ಕಡೆ ಉಳಿಯಿತು. ಇನ್ನೊಂದು ಕಡೆಯೋರು ನೆನಪಿನಿಂದ ಬರೆದುಕೊಂಡರು. ಪುಸ್ತಕ ಅನ್ನೋದೇ ನಮ್ಮ ನೆಗೆಟಿವ್.

ಒಂದು ವರ್ಷಕ್ಕೇ ಎರಡೂ ಬೇರೆ ಆದವು. ಪುಸ್ತಕ ಇರೋ ಕಡೆಯೋರು ಬೆಳಗಾಗೋದರೊಳಗೆ ಮುಗೀಬೇಕು ಅಂತ ಉತ್ತರಕುಮಾರನ ಸೀನು ಬಿಟ್ಟರು. ನೆನಪಿನಿಂದ ಬರೆದೋರು ಮರೆತ ಕಡೆಗೆಲ್ಲ ಸಿನಿಮಾದ ತೆಲುಗು ಮಾತು ತುಂಬಿದರು, ಕನ್ನಡ ಕಂದಪದ್ಯದ ನಡುವೆ ದಾನವೀರಶೂರ ಕರ್ಣದ ದುರ್ಯೋಧನ ಎದ್ದು ಬರ್ತಾನೆ. ಜನ ಅದಕ್ಕೇ ಶಿಳ್ಳೆ ಹೊಡೀತಾರೆ. ತಪ್ಪು ಅಂತ ಹೇಳಲ್ಲ, ನಮ್ಮ ನಾಲಿಗೆ ಎರಡು ಭಾಷೆಯದು. ಆದರೆ ಇವೆರಡರಲ್ಲೂ ಇಲ್ಲದ್ದು ಒಂದೈತೆ. ಕರ್ಣನನ್ನ ಪೆಟ್ಟಿಗೇಲಿಟ್ಟು ಹೊಳೆಗೆ ಬಿಡೋವಾಗ ಕುಂತಿ ಹಾಡೋ ಹಾಡು, ಬೀಸೋ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದದ್ದು. ಹಳೇ ಮೇಳದಲ್ಲಿ ಅದನ್ನ ಹಾಡೋ ಕೆಲಸ ನನ್ನದು. ಪುಸ್ತಕದಲ್ಲಿ ಬರೆದಿರಲಿಲ್ಲ, ಯಾಕಂದರೆ ನಾನಿದ್ದೆ. ಒಂದು ಮೇಳ ಟೈಮಿಲ್ಲ ಅಂತ ಬಿಟ್ಟಿತು, ಇನ್ನೊಂದು ಮೇಳ ಸಿನಿಮಾದಲ್ಲಿಲ್ಲ ಅಂತ ಬಿಟ್ಟಿತು. ಈಗ ಅದು ಪೂರ್ತಿ ಬರೋದು ನನಗೂ, ಊರಿನ ಇಬ್ಬರು ಮುದುಕಿಯರಿಗೂ. ಮೂರು ಜನರ ವಯಸ್ಸು ಸೇರಿಸಿದರೆ ಇನ್ನೂರು ದಾಟುತ್ತೆ.

ಮೇಳ ಒಂದಾಗಬೇಕು ಅಂತ ಪಂಚಾಯ್ತಿ ಮಾಡೋಕೆ ನಾನು ಇದನ್ನ ಬರೀತಿಲ್ಲ. ಎರಡು ಮೇಳ ಇದ್ದರೆ ಇರಲಿ, ಬಳ್ಳಾರಿಯಲ್ಲಿ ಎರಡು ಸಭೆ ಇದ್ದಿದ್ದಕ್ಕೆ ನಾಟಕ ಬೆಳೆಯಿತು. ನಾನು ಕೇಳೋದು ಮೂರು. ಎರಡು ಕಡೆಯೋರೂ ತಮ್ಮ ಪುಸ್ತಕದ ಒಂದೊಂದು ಜೆರಾಕ್ಸು ಈ ರೀಡಿಂಗ್ ರೂಮಿಗೆ ಕೊಡಬೇಕು. ಮೊದಲನೇ ಹಾಳೆ ಮೇಲೆ ಯಾರು ಬರೆದದ್ದು, ಯಾವ ವರ್ಷ, ಹಳೇದರಿಂದ ಯಾವ ಸೀನು ತೆಗೆದದ್ದು, ಯಾವುದನ್ನ ಎಲ್ಲಿಂದ ತಂದು ಸೇರಿಸಿದ್ದು ಅಂತ ಬರೆಯಬೇಕು. ಇನ್ನೊಂದು, ಓದಿದ ಹುಡುಗರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಆ ಇಬ್ಬರು ಅಜ್ಜಿಯರ ಹತ್ತಿರ ಕೂತು ಕುಂತಿ ಹಾಡನ್ನ ಬರೆದುಕೊಳ್ಳಬೇಕು, ಫೋನಿನಲ್ಲಿ ದನಿಯನ್ನೂ ಹಿಡಿಯಬೇಕು. ಅಜ್ಜಿಯರು ಹಾಡೋದೂ ನಾನು ಹಾಡೋದೂ ಎರಡು ಸಾಲಿನಲ್ಲಿ ಬೇರೆ ಬೇರೆ ಬರುತ್ತೆ. ಯಾರದು ಸರಿ ಅಂತ ತೀರ್ಮಾನ ಮಾಡೋಕೆ ಹೋಗಬೇಡಿ, ಎರಡನ್ನೂ ಬರೆದುಕೊಳ್ಳಿ. ಶನಿವಾರ ಆದರೆ ಒಳ್ಳೇದು, ಮಂಗಳವಾರ ಕಡ್ಲೇಕಾಯಿ ಬಿಡಿಸೋ ಕೂಲಿಗೆ ಹೋಗ್ತಾರೆ, ಮನೇಲಿ ಸಿಗಲ್ಲ.